ಮತದೊಡನೆ ಚಂದಾವನ್ನೂ ಬೇಡಿದ ಉಮೇದುವಾರ

ಊರಿನ ಶಾಲೆಯ ಮಾಡು ಸೋರಿದಾಗ ಹೆಂಚು ಹೊಂದಿಸಿ, ಮಳೆಗಾಲದ ನಡುರಾತ್ರಿಯಲ್ಲಿ ಬಾಣಂತಿಯೊಬ್ಬಳನ್ನು ಆಸ್ಪತ್ರೆಗೆ ಮುಟ್ಟಿಸಿ, ಓದು ಬಾರದವರ ಅರ್ಜಿಗಳನ್ನು ತಾನೇ ಬರೆದುಕೊಟ್ಟು, ಪರರಿಗಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲನ್ನು ಹತ್ತಿ ಇಳಿದು ಹೆಸರಾದ ಸೇವಕನೊಬ್ಬನು ಒಂದು ದಿನ ತಾನು ವಿಧಾನಸಭೆಗೆ ನಿಲ್ಲುವೆನೆಂದು ಹೊರಟನೆಂದರೆ, ನೆರೆಹೊರೆಯಲ್ಲಿ ಒಂದು ಬಗೆಯ ವಿಷಾದ ಕವಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ‘ಇಷ್ಟು ದಿನ ಮಾಡಿದ್ದೆಲ್ಲಾ ಇದಕ್ಕೇನಾ?’ ಎಂಬ ಪ್ರಶ್ನೆ ಜಗಲಿಯಿಂದ ಜಗಲಿಗೆ ಹರಿದಾಡುತ್ತದೆ. ಅವನ ನಿನ್ನೆಯವರೆಗಿನ ನಿಃಸ್ವಾರ್ಥವೆಲ್ಲವೂ ಇಂದಿನ ಆಕಾಂಕ್ಷೆಯ ಪೂರ್ವಪೀಠಿಕೆಯಾಗಿ ತೋರತೊಡಗುತ್ತದೆ. ಸೇವೆಯು ಪವಿತ್ರವೆಂತಲೂ ಚುನಾವಣೆಯು ಕಲುಷಿತವೆಂತಲೂ, ಒಂದರಿಂದ ಮತ್ತೊಂದಕ್ಕೆ ಕಾಲಿಟ್ಟವನು ಜಾರಿದನೆಂತಲೂ ಭಾವಿಸುವ ಈ ಸ್ವಭಾವ ನಮ್ಮಲ್ಲಿ ಬಹು ಆಳವಾಗಿ ಬೇರೂರಿದೆ. ಇದು ತಪ್ಪು ಭಾವನೆಯೆಂದು ನಾನು ದೃಢವಾಗಿ ನಂಬಿದ್ದೇನೆ. ಹಾಗೆ ನಂಬುವುದಕ್ಕೆ ಆಧಾರವನ್ನು ದೂರದ ದೇಶಗಳ ಇತಿಹಾಸದಲ್ಲಿ ಅರಸಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮಲೆನಾಡಿನ ಮೂರು ತಾಲ್ಲೂಕುಗಳು ಸ್ವಾತಂತ್ರ್ಯಾನಂತರದ ಮೊದಲ ದಶಕದಲ್ಲಿಯೇ ಅದನ್ನು ನಾಡಿಗೆ ತೋರಿಸಿಕೊಟ್ಟಿವೆ.

ಆ ಕಾಲದ ಮಲೆನಾಡಿನ ಭೂಮಿಯ ವ್ಯವಸ್ಥೆಯನ್ನು ಅರಿಯದೆ ಈ ಕಥೆಯನ್ನು ಅರಿಯಲಾಗದು. ಭತ್ತದ ಗದ್ದೆ ಒಬ್ಬನದು, ಅದರಲ್ಲಿ ಗೇಯುವ ಮೈ ಮತ್ತೊಬ್ಬನದು. ಗೇಣಿಯ ಕರಾರಿಗೆ ಕಾಗದವಿಲ್ಲ, ಕೊಟ್ಟ ಗೇಣಿಗೆ ರಶೀದಿಯಿಲ್ಲ, ಒಡೆಯನು ಬಿಡು ಎಂದ ದಿನ ಗದ್ದೆಯನ್ನು ಬಿಟ್ಟು ನಡೆಯುವುದಲ್ಲದೆ ಒಕ್ಕಲಿಗೆ ಬೇರೆ ದಾರಿಯೂ ಇಲ್ಲ. ಸಾಗರ ಸೀಮೆಯಲ್ಲಿ ಗೇಣಿದಾರರಾದವರಲ್ಲಿ ಬಹುಪಾಲು ದೀವರ ಜಾತಿಯವರು. ವರ್ಷವಿಡೀ ಬೆವರು ಸುರಿಸಿದ ದುಡಿಮೆಯ ಲೆಕ್ಕ ಇತ್ಯರ್ಥವಾಗುತ್ತಿದ್ದುದು ಕಣದಲ್ಲಿ. ಸಗಣಿ ಸಾರಿಸಿ ಹಸನು ಮಾಡಿದ ನೆಲದ ಮೇಲೆ ತೂರಿದ ಭತ್ತ ರಾಶಿಯಾಗಿ ಬಿದ್ದಿದೆ. ಒಡೆಯನ ಕಡೆಯವನು ಕೊಳಗವನ್ನು ಹಿಡಿದು ಕುಳಿತಿದ್ದಾನೆ. ಮೊದಲ ಕೊಳಗವನ್ನು ಒಂದೆನ್ನದೆ ‘ಲಾಭ’ ಎಂದು ಶುಭವಾಗಿ ಎಣಿಸಿ ಅಳತೆ ಆರಂಭವಾಗುತ್ತದೆ. ಆದರೆ ಆ ಲಾಭ ಯಾರದು ಎಂಬುದನ್ನು ಕೊಳಗದ ಗಾತ್ರವೇ ನಿರ್ಧರಿಸುತ್ತಿತ್ತು. ಸರ್ಕಾರದ ಮುದ್ರೆಯ ಕೊಳಗಕ್ಕಿಂತ ದೊಡ್ಡದಾದ ಕೊಳಗದಿಂದ ಗೇಣಿಯನ್ನು ಅಳೆದುಕೊಂಡರೆ, ಎಣಿಸಿದ ಕೊಳಗಗಳ ಲೆಕ್ಕ ಸರಿಯಾಗಿಯೇ ಉಳಿದು, ಒಕ್ಕಲಿನ ಮನೆಯ ಪಣತ ಮಾತ್ರ ಬರಿದಾಗುತ್ತಿತ್ತು. ಬಿಟ್ಟಿಯ ದುಡಿಮೆ, ಒಡೆಯನೆದುರು ತೋರಬೇಕಾದ ನೂರೆಂಟು ಬಗೆಯ ವಿಧೇಯತೆ ಇವು ಇದರ ಮೇಲಿನ ಹೊರೆ. ಇಂಥ ಕಣದ ಬದಿಯಲ್ಲಿ ನಿಂತು, ‘ಧಣಿ, ಕೊಳಗ ಸರಿಯಿಲ್ಲ’ ಎಂದು ಒಂದು ಮಾತನ್ನಾಡುವುದಕ್ಕೆ ಎಷ್ಟು ಧೈರ್ಯ ಬೇಕಾಗುತ್ತಿತ್ತೆಂಬುದನ್ನು ಇಂದಿನವರು ಊಹಿಸುವುದೂ ಕಷ್ಟ.

ಆ ಮಾತನ್ನು ಒಬ್ಬೊಬ್ಬರೇ ಆಡಲಾರದವರು ಒಟ್ಟಾಗಿ ಆಡುವಂತೆ ಮಾಡಿದವರು ಎಚ್. ಗಣಪತಿಯಪ್ಪನವರು. ಹಳ್ಳಿಯಿಂದ ಹಳ್ಳಿಗೆ ನಡೆದು ಗೇಣಿದಾರರನ್ನು ಒಂದು ರೈತಸಂಘವಾಗಿ ಕೂಡಿಸಿ, ಮುದ್ರೆಯ ಕೊಳಗದಿಂದಲೇ ಅಳೆಯಬೇಕು, ಅಳೆದುದಕ್ಕೆ ರಶೀದಿ ಕೊಡಬೇಕು, ಬಿಟ್ಟಿ ನಿಲ್ಲಬೇಕು ಎಂಬ ಬೇಡಿಕೆಗಳನ್ನು ಅವರು ಮುಂದಿಟ್ಟರು. ಇವುಗಳಲ್ಲಿ ಕ್ರಾಂತಿಯೆನ್ನುವಂಥದು ಒಂದೂ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ಭೂಮಿಯನ್ನು ಕೊಡಿರೆಂದು ಅವರಾರೂ ಅಂದು ಕೇಳಲಿಲ್ಲ, ಅಳತೆ ನ್ಯಾಯವಾಗಿರಲೆಂದು ಮಾತ್ರ ಕೇಳಿದರು. ಅಷ್ಟಕ್ಕೇ ಸಾಗರದ ಸಮೀಪದ ಕಾಗೋಡಿನಲ್ಲಿ ಒಕ್ಕಲೆಬ್ಬಿಸುವಿಕೆ ನಡೆಯಿತು. 1951ರ ಏಪ್ರಿಲ್ 18ರಂದು, ತಾವು ಉತ್ತು ಬಿತ್ತಿದ ಗದ್ದೆಗಳಿಗೆ ನೇಗಿಲೊಡನೆ ಇಳಿದ ರೈತರು ಕಾಗೋಡು ಸತ್ಯಾಗ್ರಹವನ್ನು ಆರಂಭಿಸಿದರು. ತಂಡದ ಮೇಲೆ ತಂಡ ಗದ್ದೆಗಿಳಿದು ಬಂಧನಕ್ಕೊಳಗಾಯಿತು. ಗಂಡಸರು ಸೆರೆಗೆ ಹೋದಾಗ ಹೆಂಗಸರು ಮುಂದೆ ಬಂದರು.

ಈ ಗದ್ದೆಯ ಬದುವಿನ ಮೇಲೆ ನಾವು ಶಾಂತವೇರಿ ಗೋಪಾಲಗೌಡರನ್ನು ಕಾಣುತ್ತೇವೆ. 1923ರ ಮಾರ್ಚ್ 14ರಂದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿ, 1942ರ ಚಳವಳಿಯಲ್ಲಿ ವಿದ್ಯಾರ್ಥಿದೆಸೆಯಲ್ಲಿಯೇ ಸೆರೆಮನೆಯನ್ನು ಕಂಡು, ಸಮಾಜವಾದಿ ಪಕ್ಷದ ಕಾರ್ಯಕರ್ತರಾಗಿ ಬೆಳೆದ ಈ ತರುಣನಿಗೆ ಕಾಗೋಡು ತನ್ನ ಊರಲ್ಲ; ಅಲ್ಲಿನ ಗೇಣಿದಾರರು ತನ್ನ ಜಾತಿಯವರಲ್ಲ. ಒಕ್ಕಲಿಗ ಮನೆತನದ ಗೌಡರು ದೀವರ ಗದ್ದೆಗಾಗಿ ಬೀದಿಗಿಳಿದುದನ್ನು ನಾನು ಇಲ್ಲಿ ಒತ್ತಿ ಹೇಳುತ್ತಿರುವುದಕ್ಕೆ ಕಾರಣವುಂಟು. ಸ್ವಜಾತಿಯ ಸಂಘದಲ್ಲಿ, ಸ್ವಗ್ರಾಮದ ಗುಡಿಯ ಜೀರ್ಣೋದ್ಧಾರದಲ್ಲಿ ದುಡಿಯುವುದೂ ಸೇವೆಯೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಶಾಸಕನಾಗಬಯಸುವವನಿಗೆ ಬೇಕಾದುದು ತನ್ನವರಲ್ಲದವರ ಸಂಕಟವನ್ನು ತನ್ನದೆಂದು ಭಾವಿಸಬಲ್ಲ ಶಕ್ತಿ. ಕ್ಷೇತ್ರವೊಂದರಲ್ಲಿ ಎಲ್ಲ ಜಾತಿಯ, ಎಲ್ಲ ಬಗೆಯ ಬಾಳಿನ ಜನರೂ ಇರುತ್ತಾರಲ್ಲವೆ? ಆ ಶಕ್ತಿಯ ಪರೀಕ್ಷೆ ಗೌಡರಿಗೆ ನಾಮಪತ್ರವನ್ನು ಸಲ್ಲಿಸುವ ಮುನ್ನವೇ ಆಗಿಹೋಗಿತ್ತು.

1951ರ ಜೂನ್ ತಿಂಗಳಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ತಾವಾಗಿ ಸಾಗರಕ್ಕೆ ಬಂದು ಸತ್ಯಾಗ್ರಹದಲ್ಲಿ ಭಾಗವಹಿಸಿ ಬಂಧನಕ್ಕೊಳಗಾದುದು ಕಾಗೋಡಿನ ಹೆಸರನ್ನು ದೇಶದ ಪತ್ರಿಕೆಗಳಿಗೆ ಮುಟ್ಟಿಸಿತು. ಆದರೂ ಸತ್ಯಾಗ್ರಹದಿಂದ ಗೇಣಿಪದ್ಧತಿ ಅಳಿಯಲಿಲ್ಲ. ಕಾಗೋಡಿನ ಕಥೆಯನ್ನು ಕೇವಲ ವೀರಗಾಥೆಯಾಗಿ ಹೇಳುವವರು ಈ ಭಾಗವನ್ನು ಬೇಗನೆ ದಾಟಿಬಿಡುತ್ತಾರೆ. ನನಗಾದರೋ ಇದೇ ಕಥೆಯ ಹೃದಯವೆಂದು ತೋರುತ್ತದೆ. ಅನ್ಯಾಯವು ಅನ್ಯಾಯವೆಂದು ಜನಕ್ಕೆ ತೋರಿಸಿಕೊಡುವುದು ಸತ್ಯಾಗ್ರಹದಿಂದ ಸಾಧ್ಯ, ಬಾಗಿದ ಬೆನ್ನನ್ನು ನೇರವಾಗಿಸುವುದೂ ಸಾಧ್ಯ. ಆದರೆ ಗೇಯುವವನ ಹೆಸರು ಪಹಣಿಯ ಕಲಮಿನಲ್ಲಿ ಏರಬೇಕಾದರೆ ಕಾನೂನೇ ಆಗಬೇಕು, ಕಾನೂನಾಗಬೇಕಾದರೆ ಅದನ್ನು ಮಾಡುವ ಸಭೆಯಲ್ಲಿ ಆ ಕಣದ ಅನುಭವವುಳ್ಳವನು ಕುಳಿತಿರಬೇಕು. ಸೇವಕನು ಉಮೇದುವಾರನಾಗುವುದು ಅವನ ಆಸೆಯಿಂದಲೇ ಆಗಬೇಕೆಂದಿಲ್ಲ. ಸೇವೆಯೇ ಅವನನ್ನು ಅಲ್ಲಿಗೆ ಕೊಂಡೊಯ್ಯುವುದುಂಟು.

ಹೀಗೆ 1952ರ ಪ್ರಥಮ ಮಹಾಚುನಾವಣೆಯಲ್ಲಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಉಮೇದುವಾರರಾಗಿ ನಿಂತರು. ಇನ್ನೂ 29 ತುಂಬಿರಲಿಲ್ಲ. ಎದುರಿಗೆ ನಿಂತವರು ಕಾಂಗ್ರೆಸ್ಸಿನ ಎ. ಆರ್. ಬದರಿನಾರಾಯಣರು, ಮನೆತನ, ಸಂಪತ್ತು, ಸ್ವಾತಂತ್ರ್ಯ ತಂದ ಪಕ್ಷವೆಂಬ ಕೀರ್ತಿ ಎಲ್ಲವೂ ಬೆನ್ನಿಗಿದ್ದವರು, ಮುಂದೆ ರಾಜ್ಯದ ಮಂತ್ರಿಗಳೂ ಲೋಕಸಭೆಯ ಸದಸ್ಯರೂ ಆದವರು. ಅಂದಿನ ಕಾನೂನಿನಂತೆ ರಾಜ್ಯದ ಶಾಸನಸಭೆಗೆ ನಿಲ್ಲುವವನು ಕಟ್ಟಬೇಕಾಗಿದ್ದ ಠೇವಣಿ 250 ರೂಪಾಯಿ. ಸತ್ಯಾಗ್ರಹದಿಂದ ಎದ್ದು ಬಂದ ಬಡ ಕಾರ್ಯಕರ್ತನಿಗೆ ಅದೂ ಸಣ್ಣ ಮೊತ್ತವಲ್ಲ.

ಆ ಚುನಾವಣೆಯ ಮತದಾನದ ಕ್ರಮವನ್ನು ಕಂಡವರು ಈಗ ವಿರಳ. ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ 18ರಷ್ಟು ಮಾತ್ರ ಇದ್ದ ಆ ಕಾಲದಲ್ಲಿ, ಮತಪತ್ರದ ಮೇಲೆ ಗುರುತು ಹಾಕುವ ಕೆಲಸವೇ ಇರಲಿಲ್ಲ. ಪರದೆಯ ಹಿಂದೆ ಪ್ರತಿಯೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಕಾಂಗ್ರೆಸ್ಸಿನ ಪೆಟ್ಟಿಗೆಯ ಮೇಲೆ ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳ ಪೆಟ್ಟಿಗೆಯ ಮೇಲೆ ಮರ. ಮತದಾರನು ಕೈಗಿತ್ತ ಚೀಟಿಯನ್ನು ಹಿಡಿದು ಒಳಹೊಕ್ಕು, ತನ್ನ ಮನಸ್ಸಿಗೊಪ್ಪಿದ ಪೆಟ್ಟಿಗೆಯಲ್ಲಿ ಅದನ್ನು ಇಳಿಬಿಟ್ಟು ಬರಬೇಕು. ಜೋಡೆತ್ತಿನ ಚಿತ್ರಕ್ಕೆ ರೈತನ ಮನಸ್ಸಿನ ಮೇಲಿದ್ದ ಸಹಜವಾದ ಆಕರ್ಷಣೆಯನ್ನು ಹೇಳಬೇಕಾದುದಿಲ್ಲ. ಅದನ್ನೂ ಮೀರಿ, ಒಡೆಯನ ಭಯವನ್ನೂ ಮೀರಿ, ಯಾರ ಕಣ್ಣೂ ಬೀಳದ ಆ ಪರದೆಯ ಮರೆಯಲ್ಲಿ ಗೇಣಿದಾರನೊಬ್ಬನು ಬಾಳಿನಲ್ಲಿ ಮೊದಲ ಸಲ ತನ್ನಿಚ್ಛೆಯ ನಿರ್ಣಯವೊಂದನ್ನು ಮಾಡಿ ಹೊರಬಂದನೆಂಬುದು ಸಾಮಾನ್ಯ ಸಂಗತಿಯಲ್ಲ. ಕಣದಲ್ಲಿ ಆಡಲಾರದ ಮಾತನ್ನು ಅವನು ಅಲ್ಲಿ ಆಡಿದನು. ಗೋಪಾಲಗೌಡರು ಗೆದ್ದರು.

ಗೆಲುವಿಗಿಂತಲೂ ಗೆದ್ದ ಬಗೆ ದೊಡ್ಡದು. ಮತದ ಜೊತೆಗೆ ನೋಟನ್ನೂ ಮತದಾರನಿಂದಲೇ ಬೇಡಿದ ಅವರ ಚುನಾವಣೆಗಳ ನೆನಪು ಮಲೆನಾಡಿನಲ್ಲಿ ಇಂದಿಗೂ ಮಾತಾಗಿ ಉಳಿದಿದೆ. ಇದರ ತತ್ತ್ವವನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಬೇಕು. ಹಣವುಳ್ಳವನೊಬ್ಬನು ಉಮೇದುವಾರನ ಖರ್ಚನ್ನು ವಹಿಸಿಕೊಂಡರೆ, ಗೆದ್ದವನು ಆ ಒಬ್ಬನಿಗೆ ಋಣಿ. ಉಮೇದುವಾರನೇ ಹಣವನ್ನು ಚೆಲ್ಲಿದರೆ, ಮತದಾರನು ಅವನಿಗೆ ಋಣಿಯಾಗಿ, ಮುಂದಿನ 5 ವರ್ಷ ಕೇಳುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಗೇಣಿದಾರನು ತನ್ನ ಬಡತನದ ನಡುವೆ ಕೊಟ್ಟ ಒಂದು ರೂಪಾಯಿ ಈ ಎರಡು ಋಣಗಳನ್ನೂ ಹರಿದುಹಾಕಿ, ಶಾಸಕನನ್ನು ಜನಕ್ಕೆ ಋಣಿಯಾಗಿಸುತ್ತದೆ. ಕೊಟ್ಟವನಿಗೆ ‘ಇವನು ನಮ್ಮವನು’ ಎನ್ನುವ ಅಧಿಕಾರ ಬರುತ್ತದೆ, ಪಡೆದವನಿಗೆ ಲೆಕ್ಕ ಒಪ್ಪಿಸುವ ಹೊಣೆ ಬರುತ್ತದೆ. ಪ್ರಜಾಪ್ರಭುತ್ವದ ಮೇಲೆ ಬರೆದ ಹಲವು ಗ್ರಂಥಗಳಿಗಿಂತ ಈ ಒಂದು ಆಚರಣೆ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಸೇವಕರು ಚುನಾವಣೆಗೆ ನಿಂತುದಕ್ಕೆ ನಮ್ಮ ಕಡಲತೀರದಲ್ಲಿ ಗೌಡರಿಗೂ ಮುಂಚಿನ ನಿದರ್ಶನವೊಂದಿದೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ, ಹೆಂಗಸರು ಶಾಸನಸಭೆಗೆ ನಿಲ್ಲಬಹುದೆಂಬ ಅವಕಾಶ ಆಗತಾನೆ ದೊರೆತಾಗ, ಮದರಾಸು ಶಾಸನ ಪರಿಷತ್ತಿಗೆ ಪಕ್ಷೇತರರಾಗಿ ನಿಂತು ಅತ್ಯಲ್ಪ ಅಂತರದಿಂದ ಸೋತರು. ಸೋತರೂ ಅವರ ಸೇವಾಜೀವನವು ಒಂದಿನಿತೂ ಕುಗ್ಗದೆ, ಸ್ವಾತಂತ್ರ್ಯದ ಹೋರಾಟದಿಂದ ನಾಡಿನ ಕರಕುಶಲ ಕಲೆಗಳ ಪುನರುಜ್ಜೀವನದವರೆಗೆ ಹಬ್ಬಿತು. ನಿಂತು ಸೋಲುವುದರಿಂದ ಸೇವೆ ಕೆಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮತ್ತೆ ಗೌಡರ ಕಥೆಗೆ ಬರುವುದಾದರೆ, 1952ರ ಮೈಸೂರು ಶಾಸನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74 ದೊರೆತವು. ಸಮಾಜವಾದಿ ಪಕ್ಷಕ್ಕೆ ದೊರೆತವು 3. ಮೂವರ ಪಕ್ಷದ ಒಬ್ಬ ಸದಸ್ಯನಿಂದ ಯಾವ ಮಸೂದೆ ಆದೀತು ಎಂದು ಕೇಳುವವರುಂಟು. ನೇರವಾಗಿ ಆಗದು, ನಿಜ. ಆದರೆ ಆ ಸಭೆಯಲ್ಲಿ ಕಂದಾಯದ ಹೊಣೆ ಹೊತ್ತು, ಗೇಣಿ ಶಾಸನಕ್ಕೂ ಇನಾಂ ರದ್ದತಿಗೂ ಶ್ರಮಿಸಿದ ಕಡಿದಾಳ್ ಮಂಜಪ್ಪನವರೂ ತೀರ್ಥಹಳ್ಳಿಯ ಸೀಮೆಯವರೇ. ಒಂದೇ ತಾಲ್ಲೂಕಿನ ಮಣ್ಣಿನಿಂದ ಹೊರಟ ಇಬ್ಬರಲ್ಲಿ ಒಬ್ಬರು ಆಳುವ ಪಕ್ಷದಲ್ಲಿದ್ದು ಕಾನೂನನ್ನು ಕಟ್ಟಲು ಯತ್ನಿಸಿದರೆ, ಮತ್ತೊಬ್ಬರು ಎದುರಿನ ಸಾಲಿನಲ್ಲಿ ನಿಂತು ಇದು ಸಾಲದೆಂದು ಗದರಿದರು. 1952ರ ಮೈಸೂರು ಗೇಣಿ ಶಾಸನವು ಉಳುವವನನ್ನು ಒಡೆಯನನ್ನಾಗಿ ಮಾಡಲಿಲ್ಲ. ಆದರೆ ಗೇಣಿಯೆಂಬುದು ಒಡೆಯ ಒಕ್ಕಲುಗಳ ಮನೆಯ ಮಾತಲ್ಲ, ರಾಜ್ಯವು ವಿಚಾರಿಸಬೇಕಾದ ಮಾತು ಎಂಬುದು ಅಲ್ಲಿಂದ ಮುಂದೆ ನಿರ್ವಿವಾದವಾಯಿತು. ಗೋಪಾಲಗೌಡರ ದನಿ ಭೂಮಿಯೊಂದಕ್ಕೇ ಮೀಸಲಾಗಿರಲಿಲ್ಲ. ಆಡಳಿತವು ಜನರ ನುಡಿಯಲ್ಲಿ ನಡೆಯಬೇಕೆಂದೂ, ಕನ್ನಡಿಗರ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಗಬೇಕೆಂದೂ ಅವರು ಎಡೆಬಿಡದೆ ವಾದಿಸಿದರು. ಗೇಣಿದಾರನಿಗೆ ಅರ್ಥವಾಗದ ಭಾಷೆಯಲ್ಲಿ ಅವನ ಗದ್ದೆಯ ಆಜ್ಞೆ ಹೊರಡುವುದನ್ನು ಕಂಡವರಿಗೆ ಭೂಮಿಯ ಪ್ರಶ್ನೆ, ನುಡಿಯ ಪ್ರಶ್ನೆ ಬೇರೆಬೇರೆಯಾಗಿ ತೋರುವುದು ಹೇಗೆ?

1957ರಲ್ಲಿ ಅವರು ಸೋತರು. ಅವರ ಜೀವನದಲ್ಲಿ ನನ್ನ ಮನಸ್ಸು ಬಹಳ ಹೊತ್ತು ನಿಲ್ಲುವ ಎಡೆ ಇದು. ಗೆದ್ದ ಸೇವಕರನ್ನು ನಾವು ನೋಡಿದ್ದೇವೆ. ಸೋತು ಮುನಿದು, ‘ಇವರಿಗಾಗಿ ಇಷ್ಟೆಲ್ಲ ಮಾಡಿದೆನಲ್ಲಾ’ ಎಂದು ಮನೆಯ ಬಾಗಿಲಿಕ್ಕಿಕೊಂಡವರನ್ನು ಅದಕ್ಕಿಂತ ಹೆಚ್ಚಾಗಿ ನೋಡಿದ್ದೇವೆ. ಹಾಗೆ ಮುನಿಯುವವನು ತಾನು ಮಾಡಿದುದನ್ನು ಸೇವೆಯೆಂದು ತಿಳಿದಿರಲಿಲ್ಲ, ಮುಂಗಡವೆಂದು ತಿಳಿದಿದ್ದನು. ಮತವು ಉಪಕಾರಕ್ಕೆ ಕೊಡುವ ಪ್ರತಿಫಲವಲ್ಲ; ಅದು ಮುಂದಿನ ಕೆಲಸಕ್ಕೆ ಕೊಡುವ ಅಪ್ಪಣೆ, ಅದನ್ನು ಕೊಡದಿರುವ ಹಕ್ಕು ಮತದಾರನಿಗೆ ಸಂಪೂರ್ಣವಾಗಿ ಇದೆ. ಗೌಡರು ಜನರನ್ನು ಬಿಡಲಿಲ್ಲ. 1962ರಲ್ಲಿಯೂ 1967ರಲ್ಲಿಯೂ ಮಲೆನಾಡು ಅವರನ್ನು ಮತ್ತೆ ಆರಿಸಿತು. 1967ರಲ್ಲಿ ಆರಿಸಿದುದು ತೀರ್ಥಹಳ್ಳಿ. ಅದೇ ವರ್ಷ ಸೊರಬದಿಂದ ಎಸ್. ಬಂಗಾರಪ್ಪನವರು ಶಾಸನಸಭೆಗೂ, ಶಿವಮೊಗ್ಗದಿಂದ ಜೆ. ಎಚ್. ಪಟೇಲರು ಲೋಕಸಭೆಗೂ ಸಮಾಜವಾದಿಗಳಾಗಿಯೇ ಹೋದರು. ಕನ್ನಡದಲ್ಲಿ ಮಾತನಾಡಿ ಪಟೇಲರು ಲೋಕಸಭೆಗೆ ನಮ್ಮ ನುಡಿಯನ್ನು ಕೇಳಿಸಿದರು. ಒಂದು ಸಣ್ಣ ಗುಂಪು ಹದಿನೈದು ವರ್ಷಗಳ ಕಾಲ ಬೇಸರಿಸದೆ ಉತ್ತ ನೆಲದ ಬೆಳೆಯದು.

ವ್ಯಾಧಿಪೀಡಿತರಾದ ಗೋಪಾಲಗೌಡರು 1972ರ ಜೂನ್ 9ರಂದು, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ, 1973ರ ನವೆಂಬರ್ 1ರಂದು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಸರ್ಕಾರವು ತಂದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ಗೇಣಿಯ ಭೂಮಿಯು ಸರ್ಕಾರಕ್ಕೆ ಸೇರಿ, 7ನೆಯ ನಮೂನೆಯ ಅರ್ಜಿಯನ್ನು ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತ ಒಕ್ಕಲಿಗೆ ಅಧಿಭೋಗದ ಹಕ್ಕು ದೊರೆಯತೊಡಗಿತು. ಕಾಗೋಡಿನ ಗದ್ದೆಗೆ ನೇಗಿಲು ಇಳಿದು 23 ವರ್ಷಗಳಾಗಿದ್ದವು. ಅದೇ ಕಾಗೋಡಿನವರಾದ ಕಾಗೋಡು ತಿಮ್ಮಪ್ಪನವರು ಮುಂದೆ ವಿಧಾನಸಭೆಯ ಅಧ್ಯಕ್ಷಪೀಠವನ್ನೇರಿದರು, ಕಂದಾಯ ಮಂತ್ರಿಗಳೂ ಆದರು. ಗೌಡರ ಬಾಳಿನಿಂದ ಪ್ರೇರಣೆ ಪಡೆದು ಯು. ಆರ್. ಅನಂತಮೂರ್ತಿಯವರು ‘ಅವಸ್ಥೆ’ ಎಂಬ ಕಾದಂಬರಿಯನ್ನು ಬರೆದುದನ್ನು ಓದುಗರು ಬಲ್ಲರು. ಆದರೆ ಗೌಡರನ್ನು ಕಾದಂಬರಿಯ ನಾಯಕನನ್ನಾಗಿ ಮಾತ್ರ ನೆನೆಯುವುದು ಸಾಲದು, ಅವರು ಹಿಡಿದ ದಾರಿ ಇಂದಿಗೂ ನಡೆಯಬಹುದಾದ ದಾರಿಯೇ ಎಂದು ಕೇಳಿಕೊಳ್ಳಬೇಕು.

ಮೂರು ತಾಲ್ಲೂಕುಗಳಲ್ಲಿ ಅಂಥ ಸೇವಕರಿಗೆ ಇಂದೂ ಕೆಲಸ ಕಡಿಮೆಯಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾಗಿ ನಾಡಿಗೆ ಬೆಳಕು ಹರಿದಾಗ, ಸಾಗರ ಹೊಸನಗರಗಳ ಗದ್ದೆ ತೋಟಗಳನ್ನು ಶರಾವತಿಯ ಹಿನ್ನೀರಿಗೆ ಒಪ್ಪಿಸಿ ಎದ್ದು ಹೋದವರ ಮನೆಗಳಲ್ಲಿ ಹಕ್ಕುಪತ್ರದ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಹಿನ್ನೀರಿನಿಂದ ತುಂಡಾದ ತುಮರಿಯ ಕಡೆಯ ಜನ ಲಾಂಚನ್ನೇ ನೆಚ್ಚಿ ದಶಕಗಳನ್ನು ಕಳೆದು, ಬೇಡಿ, ಹೋರಾಡಿ, 2025ರ ಜುಲೈನಲ್ಲಿ ಸೇತುವೆಯನ್ನು ಕಂಡರು. 2019ರ ಆದಿಯಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಮಂಗನ ಕಾಯಿಲೆ ಜೀವಗಳನ್ನು ತೆಗೆದಾಗ, ಭಯದಿಂದ ಕಂಗೆಟ್ಟ ಊರುಗಳಿಗೆ ಬೇಕಾದವರು ಆಳೆತ್ತರದ ಭಾವಚಿತ್ರಗಳ ನಾಯಕರಲ್ಲ, ಮನೆಮನೆಗೆ ನಡೆದುಹೋಗುವ ಮನುಷ್ಯರು. ಬಗರ್‌ಹುಕುಂ ಅರ್ಜಿ, ಅರಣ್ಯಹಕ್ಕಿನ ಅರ್ಜಿ, ಅಡಕೆ ತೋಟದ ಎಲೆಚುಕ್ಕೆ ರೋಗ, ಮಕ್ಕಳಿಲ್ಲದೆ ಮುಚ್ಚುವ ಶಾಲೆ ಇವೆಲ್ಲವೂ ಕೊನೆಗೆ ಹೋಗಿ ನಿಲ್ಲುವುದು ಶಾಸನಸಭೆಯ ಬಾಗಿಲಲ್ಲಿಯೇ. ಹೊಸನಗರವಾದರೋ ಆ ಸಭೆಯಲ್ಲಿ ತನ್ನ ಹೆಸರಿನ ಸ್ಥಾನವನ್ನೇ ಕಳೆದುಕೊಂಡಿತು. 2008ರ ಚುನಾವಣೆಯ ವೇಳೆಗೆ ಆದ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಆ ತಾಲ್ಲೂಕು ಸಾಗರಕ್ಕೂ ತೀರ್ಥಹಳ್ಳಿಗೂ ಹಂಚಿಹೋಯಿತು.

ಇಂದು ವಿಧಾನಸಭೆಯ ಉಮೇದುವಾರನೊಬ್ಬನು ಕಾನೂನಿನ ಮಿತಿಯೊಳಗೆ 40 ಲಕ್ಷ ರೂಪಾಯಿಗಳವರೆಗೆ ಖರ್ಚು ಮಾಡಬಹುದು. ಆ ಮಿತಿಯೊಳಗೆ ಚುನಾವಣೆ ಮುಗಿಯುತ್ತದೆಂದು ನಂಬುವವರು ಎಷ್ಟು ಮಂದಿಯೋ ನಾನು ಹೇಳಲಾರೆ. ಆ ಮಿತಿಯನ್ನು ಮುಟ್ಟಲೂ ಆಗದ ಸೇವಕನು ನಿಲ್ಲಬೇಕಾದರೆ ಗೋಪಾಲಗೌಡರ ದಾರಿಯೊಂದೇ ಉಳಿದಿರುವುದು. ಆದುದರಿಂದ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮತದಾರರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಊರಿನಲ್ಲಿ ವರ್ಷಗಟ್ಟಲೆ ದುಡಿದ, ನೀವು ಕಣ್ಣಾರೆ ಕಂಡ ಹೆಂಗಸೋ ಗಂಡಸೋ ಮುಂದಿನ ಚುನಾವಣೆಯಲ್ಲಿ ನಿಂತರೆ, ‘ಇಷ್ಟು ದಿನ ಮಾಡಿದ್ದು ಇದಕ್ಕೇನಾ?’ ಎಂದು ಮುಖ ತಿರುಗಿಸಬೇಡಿರಿ. ಜಗಲಿಯಲ್ಲಿ ಕೂರಿಸಿಕೊಂಡು, ಭೂಮಿಯ ಬಗ್ಗೆ ಏನು ಮಾಡುವೆ, ಮುಳುಗಡೆಯವರಿಗೆ ಏನು ಮಾಡುವೆ, ನಮ್ಮ ಜಾತಿಯಲ್ಲದವರ ಕೇರಿಗೆ ಈ ಮೊದಲು ಎಷ್ಟು ಸಲ ಹೋಗಿದ್ದೆ ಎಂದು ಬಿಡಿಸಿ ಕೇಳಿರಿ. ಉತ್ತರ ಮನಸ್ಸಿಗೊಪ್ಪಿದರೆ, ಅವರ ಕೈಯಿಂದ ಏನನ್ನೂ ಪಡೆಯದೆ, ನಿಮ್ಮ ಕೈಯಿಂದಲೇ ನೂರು ರೂಪಾಯಿ ಚಂದಾ ಕೊಟ್ಟು ರಶೀದಿಯನ್ನು ಕೇಳಿ ಪಡೆಯಿರಿ.